ಅಜ್ಜನ ಹದಿನೇಳನೆಯ ವರ್ಷ ಮತ್ತು ಒದ್ದೆ ಕಾಲುಚೀಲ

ಈ ಬೇಸಿಗೆಯಲ್ಲಿ ನಾನು ದಣಿಯುವುದಿಲ್ಲ ಎಂದು ಜೂನ್ ತಿಂಗಳ ಕೊನೆಯ ಭಾನುವಾರ, ಒಗೆದ ಬಟ್ಟೆ ಹರವುತ್ತ, ಗಂಡನ ಎದುರು ಘೋಷಿಸಿದೆ. ಅದೇನೂ ಸಾಮಾನ್ಯ ಘೋಷಣೆಯಲ್ಲ. ಕೈಯಲ್ಲಿದ್ದ ಅವನ ಬನಿಯನ್ನನ್ನು ಬಾವುಟದಂತೆ ಎತ್ತಿ ಹಿಡಿದಿದ್ದೆ. ಅದರಿಂದ ಹನಿಯುವ ನೀರು ಮೊಣಕೈವರೆಗೆ ಇಳಿದರೂ ಲೆಕ್ಕಿಸಲಿಲ್ಲ.

ಶೋಗೊ ಚಾಪೆಯ ಮೇಲೆ ಮಲಗಿ ಫ್ಯಾನಿಗೆ ಅಂಗಾಲು ತೋರಿಸುತ್ತಿದ್ದ. "ದಣಿಯದೆ ಮತ್ತೇನು ಮಾಡ್ತೀಯ?" ಎಂದ.

"ಬೆಟ್ಟಕ್ಕೆ ಹೋಗ್ತೀನಿ. ರಾಕ್ ಉತ್ಸವಕ್ಕೆ. ನೀನೂ ಬರ್ತಿದ್ದೀಯ."

ಅಂಗಾಲುಗಳು ಮೆಲ್ಲಗೆ ನೆಲಕ್ಕಿಳಿದವು.

ನನ್ನ ದಣಿವಿನ ವಿಷಯ ಸ್ವಲ್ಪ ಹೇಳಬೇಕು. ನಾನು ಕೆಲಸ ಮಾಡುವುದು ನಮ್ಮೂರಿನ ಹೆಣ್ಣುಮಕ್ಕಳ ಕಾಲೇಜಿನ ಕಚೇರಿಯಲ್ಲಿ. ಕಿಟಕಿಯಿಂದ ತೊಯಾಮ ಕೊಲ್ಲಿ ಒಂದು ನೀಲಿ ಗೆರೆಯಷ್ಟು ಕಾಣುತ್ತದೆ, ಉಳಿದದ್ದೆಲ್ಲ ಕಡತ. ನಮ್ಮಲ್ಲಿ ಒಬ್ಬರನ್ನೊಬ್ಬರು ಕಂಡಾಗ ಆಡುವ ಮಾತೇ "ದಣಿದಿರಿ" ಎಂದು. ಮೆಟ್ಟಿಲಲ್ಲಿ ಎದುರಾದರೆ ದಣಿದಿರಿ, ಫೋನ್ ಎತ್ತಿದರೆ ದಣಿದಿರಿ, ಸಂಜೆ ಚೀಲ ಹೆಗಲಿಗೇರಿಸಿದರೆ ಎಲ್ಲ ಮೇಜುಗಳಿಂದಲೂ ಒಟ್ಟಿಗೆ ದಣಿದಿರಿ. ದಿನವಿಡೀ ಹೀಗೆ ಹೇಳಿಸಿಕೊಂಡರೆ ಕಲ್ಲಿನ ಬುದ್ಧನೂ ಆಕಳಿಸುತ್ತಾನೆ. ಮದುವೆಯಾದ ಮೇಲೆ ನಾನು ಮನೆಗೆ ಬಂದು ಮಾಡುವ ಮೊದಲ ಕೆಲಸವೆಂದರೆ ಬಾಗಿಲಲ್ಲೇ ಕೂತುಬಿಡುವುದು. ಒಂದು ಕಾಲಿನ ಚಪ್ಪಲಿ ಬಿಚ್ಚಿರುತ್ತೇನೆ; ಇನ್ನೊಂದರದ್ದು ಆಮೇಲಿನ ಮಾತು.

ಆದರೂ ಒಂದು ಚಟ ಉಳಿದಿದೆ. ಓದುವ ದಿನಗಳಿಂದಲೂ ಪ್ರತಿ ಬೇಸಿಗೆಗೂ ಹಾಡುಗಳನ್ನು ಆರಿಸಿ ಜೋಡಿಸಿಕೊಳ್ಳುತ್ತೇನೆ. ಬಟ್ಟೆ ಹರವಲು ಒಂದು: ಅದರಲ್ಲಿ ಡ್ರಮ್ ಜೋರಾಗಿರಬೇಕು, ಕೊಡವುವುದಕ್ಕೆ ತಾಳ ಸಿಗಬೇಕು. ಬುತ್ತಿ ಕಟ್ಟಲು ಒಂದು: ಅನ್ನ ಆರುವಷ್ಟು ಉದ್ದದ್ದು. ಕಡಲದಂಡೆಯ ರಸ್ತೆಯಲ್ಲಿ ಸೈಕಲ್ ತುಳಿಯಲು ಒಂದು: ಎದುರುಗಾಳಿಯಲ್ಲೂ ಕಿವಿಗೆ ಬೀಳುವ ಗಿಟಾರಿನದ್ದು. ಉಳಿದ ಹಾಡುಗಳು ವರ್ಷ ವರ್ಷ ಬದಲಾಗುತ್ತವೆ. ಕೊನೆಯದು ಮಾತ್ರ ಯಾವಾಗಲೂ ಅದೇ, 'ಒದ್ದೆ ಕಾಲುಚೀಲ' ಎಂಬ ತಂಡದ 'ಫ್ಯಾನಿನ ಎದುರು'. ಹಾಡುವ ಹುಡುಗಿ ನಿಜವಾಗಿಯೂ ತಿರುಗುವ ಫ್ಯಾನಿಗೆ ಬಾಯಿಟ್ಟು ಹಾಡುತ್ತಾಳೆ. ದನಿ ಚೂರು ಚೂರಾಗಿ, ನೀರಿನ ಮೇಲೆ ಬಿದ್ದ ಬಿಸಿಲಿನಂತೆ ನಡುಗುತ್ತ ಬರುತ್ತದೆ. ಅದನ್ನು ಕೇಳಿದಾಗಲೆಲ್ಲ ನನಗೆ ಹತ್ತೊಂಬತ್ತು ವರ್ಷವಾಗುತ್ತದೆ. ಹಾಡು ಮುಗಿದೊಡನೆ ಮತ್ತೆ ಇಪ್ಪತ್ತೊಂಬತ್ತು.

ಆ ತಂಡವನ್ನು ನಾನು ಒಮ್ಮೆಯೂ ಎದುರಿಗೆ ಕಂಡಿರಲಿಲ್ಲ. ಒಂದು ಸಲ ಪರೀಕ್ಷೆ, ಒಂದು ಸಲ ಜ್ವರ, ಒಂದು ಸಲ ನನ್ನದೇ ಮದುವೆ. ಈ ವರ್ಷ ಅವರು ಹಾಡುವುದನ್ನೇ ನಿಲ್ಲಿಸುತ್ತಿದ್ದಾರೆಂದು ಸುದ್ದಿ ಬಂತು. ಕಡೆಯ ಕಾರ್ಯಕ್ರಮ ನಿಗಾತ ಕಡೆಯ ಬೆಟ್ಟದ ಉತ್ಸವದಲ್ಲಿ, ಜುಲೈ ಕೊನೆಯ ಶುಕ್ರವಾರ ಮುಸ್ಸಂಜೆ. ಟಿಕೆಟಿಗೆ ಚೀಟಿ ಎತ್ತಿದರು; ಯಾವುದರಲ್ಲೂ ಗೆಲ್ಲದ ನನ್ನ ಹೆಸರು ಬಂದುಬಿಟ್ಟಿತು.

ಶೋಗೊನಿಗೆ ಇದರ ಮಹತ್ವ ತಿಳಿಯುವುದಿಲ್ಲ. ಅವನು ಮೀನಿನ ಕಡುಬು ಮಾಡುವ ಕಾರ್ಖಾನೆಯಲ್ಲಿದ್ದಾನೆ. ರಾಕ್ ಎಂದರೆ ಮೀನು ಅರೆಯುವ ಯಂತ್ರದ ಸದ್ದು ಎನ್ನುವುದು ಅವನ ಸಿದ್ಧಾಂತ.

"ನಾನು ದಿನಾ ಕೇಳ್ತೀನಲ್ಲ ಅದನ್ನ," ಎಂದ. "ನನಗೆ ಸಂಬಳ ಕೊಟ್ಟು ಕೇಳಿಸ್ತಾರೆ. ನೀನು ದುಡ್ಡು ಕೊಟ್ಟು ಕೇಳ್ತೀಯ. ಇಬ್ಬರಲ್ಲಿ ಜಾಣರು ಯಾರು?"

ಕಾರು ಓಡಿಸಲು ಅವನೇ ಬೇಕಾದ್ದರಿಂದ ಉತ್ತರವನ್ನು ನುಂಗಿಕೊಂಡೆ.

ಉಳಿದದ್ದು ಶುಕ್ರವಾರದ ರಜೆ. ಮರುವಾರವೇ ನಮ್ಮ ಕಾಲೇಜು ನೋಡಲು ಹೈಸ್ಕೂಲಿನ ಹುಡುಗಿಯರು ತಾಯಂದಿರೊಡನೆ ಬರುವ ದಿನ. ಕಚೇರಿಯಲ್ಲಿ ಮಡಿಸಬೇಕಾದ ಕರಪತ್ರಗಳು ಗೋಡೆಯಂತೆ ನಿಂತಿದ್ದವು. ಅಂಥ ಹೊತ್ತಿನಲ್ಲಿ ಹಾಡು ಕೇಳಲು ಹೋಗುತ್ತೇನೆ ಎನ್ನುವ ಧೈರ್ಯ ನಮ್ಮೂರಲ್ಲಿ ಯಾರಿಗೂ ಇಲ್ಲ. ಸ್ವಂತ ಕೆಲಸ ಎಂದಷ್ಟೇ ಹೇಳಿದೆ. ನಮ್ಮ ಮುಖ್ಯಸ್ಥರಾದ ಮಿಜೊಗುಚಿಯವರು ಪೆನ್ನು ಕೆಳಗಿಟ್ಟರು. ಅವರು ಬಹಳ ಒಳ್ಳೆಯವರು. ತೊಂದರೆ ಶುರುವಾದದ್ದೇ ಅಲ್ಲಿಂದ.

"ಮನೆಯಲ್ಲಿ ಯಾರದ್ದಾದರೂ... ತಿಥಿಯೇ?" ಎಂದು ದನಿ ತಗ್ಗಿಸಿ ಕೇಳಿದರು.

ಇಲ್ಲ ಎನ್ನಬೇಕಿತ್ತು. ಆದರೆ ಅಷ್ಟು ಮೃದುವಾಗಿ ಕೇಳಿದವರಿಗೆ ಇಲ್ಲ ಎನ್ನುವುದು ಒರಟಾಗುತ್ತದೆ. "ಗಂಡನ ಅಜ್ಜ," ಎಂದೆ.

"ಎಷ್ಟನೆಯದು?"

ನಮ್ಮಲ್ಲಿ ದೊಡ್ಡ ತಿಥಿ ಪ್ರತಿವರ್ಷ ಬರುವುದಿಲ್ಲ. ಏಳನೆಯ ವರ್ಷ, ಹದಿಮೂರನೆಯದು, ಹದಿನೇಳನೆಯದು, ಹೀಗೆ ಬಿಟ್ಟು ಬಿಟ್ಟು ಬರುತ್ತದೆ. ನಾನು ಬಾಯಿಗೆ ಬಂದಂತೆ ಹದಿನೇಳು ಎಂದೆ. ಮಿಜೊಗುಚಿಯವರು ಕ್ಷಣಕಾಲ ಕಣ್ಣು ಮುಚ್ಚಿದರು. ಎಲ್ಲಿ ಎಂದು ಕೇಳಿದರು. ಹಿದಾ ಬೆಟ್ಟಗಳಲ್ಲಿರುವ ಪೂರ್ವಜರ ಮಂದಿರದಲ್ಲಿ ಎಂದೆ. ಮಂದಿರವಂತೂ ನಿಜ. ಅಜ್ಜನೂ ನಿಜ, ಸತ್ತದ್ದೂ ನಿಜ. ಇಷ್ಟೊಂದು ನಿಜಗಳ ನಡುವೆ ಒಂದು ಸಣ್ಣ ಸುಳ್ಳು ಯಾರ ಕಣ್ಣಿಗೆ ಬಿದ್ದೀತು ಎಂದುಕೊಂಡೆ.

"ನಮ್ಮಜ್ಜನ್ನ ಯಾಕೆ ಎಳೆದೆ ಇದರೊಳಗೆ?" ಎಂದು ಶೋಗೊ ಮನೆಯಲ್ಲಿ ಕೇಳಿದ.

"ನನ್ನಜ್ಜ ಇನ್ನೂ ಬದುಕಿದ್ದಾರಲ್ಲ. ಮೊನ್ನೆ ತಾನೇ ಮೂಲಂಗಿ ಕಳಿಸಿದ್ದಾರೆ."

ಅವನು ಸ್ವಲ್ಪ ಹೊತ್ತು ಯೋಚಿಸಿ, ಅದು ನ್ಯಾಯ ಎಂದ.

ಮಾರನೆಯ ದಿನ ಮಿಜೊಗುಚಿಯವರು ನನ್ನ ಮೇಜಿನ ಮೇಲೆ ಬಿಳಿ ಕಾಗದದಲ್ಲಿ ಸುತ್ತಿದ ಪುಟ್ಟ ಪೆಟ್ಟಿಗೆಯೊಂದನ್ನು ಎರಡೂ ಕೈಯಿಂದ ಇಟ್ಟರು. ಒಳಗೆ ಕ್ಯೋಟೊದ ಒಳ್ಳೆಯ ಊದುಬತ್ತಿ. "ಅಜ್ಜನ ಮುಂದೆ ನನ್ನ ಪರವಾಗಿ ಒಂದು ಹಚ್ಚಿ," ಎಂದರು. ಎದುರು ಮೇಜಿನ ನಿಶಿಓ ಮೇಡಂ, ನನ್ನ ಪಾಲಿನ ಕರಪತ್ರಗಳನ್ನು ತಾವೆಲ್ಲ ಹಂಚಿಕೊಂಡು ಮಡಿಸುವುದಾಗಿ ಹೇಳಿದರು. ಕಚೇರಿಯವರೆಲ್ಲ ತಲೆ ತಗ್ಗಿಸಿದರು. ನಾನು ಎಲ್ಲರಿಗಿಂತ ಕೆಳಗೆ ತಗ್ಗಿಸಿದೆ. ಹಣೆ ಮೇಜಿಗೆ ತಾಗಿ ಟಕ್ಕೆಂದಿತು.

ಪಾಪಪ್ರಜ್ಞೆಯಂಥ ದುಡಿಮೆಗಾರ ಇನ್ನೊಬ್ಬನಿಲ್ಲ. ಆ ವಾರವಿಡೀ ನಾನು ಕರಪತ್ರ ಮಡಿಸಿದೆ. ಊಟದ ಹೊತ್ತಿನಲ್ಲಿ ಮಡಿಸಿದೆ, ಮನೆಗೆ ತಂದು ಮಡಿಸಿದೆ, ಸ್ನಾನದ ತೊಟ್ಟಿಯಲ್ಲಿ ಕೂತು ಬರಿಗೈಯಲ್ಲೇ ಮಡಿಸುತ್ತಿದ್ದೆನೆಂದು ಶೋಗೊ ಹೇಳುತ್ತಾನೆ. ಬೇಸಿಗೆಯ ಹಾಡುಗಳನ್ನು ಕಿವಿಗೆ ಹಾಕಿಕೊಂಡೇ ಇದೆಲ್ಲ ನಡೆಯುತ್ತಿತ್ತು. ಬಟ್ಟೆ ಹರವಲೆಂದು ಆರಿಸಿದ ಹಾಡಿನ ತಾಳಕ್ಕೆ ಕರಪತ್ರ ಬಹಳ ಬೇಗ ಮಡಿಯುತ್ತದೆ ಎಂಬುದೊಂದೇ ಆ ವಾರದ ಸಂಶೋಧನೆ. ಗುರುವಾರ ಸಂಜೆ ಕೈಬೆರಳು ಮಡಿಸಿದರೆ ಬಿಡಿಸಲಾಗುತ್ತಿರಲಿಲ್ಲ. ಆದರೂ ಇನ್ನೂರು ಉಳಿದುಬಿಟ್ಟವು.

ಶುಕ್ರವಾರ ಬೆಳಗ್ಗೆ ಹೊರಟೆವು. ಸಾಮಾನು ತುಂಬಿದ್ದು ಶೋಗೊ. ಡೇರೆ, ಮಡಿಸುವ ಕುರ್ಚಿಗಳು, ನನ್ನ ನೀಲಿ ರೇನ್‌ಕೋಟು, ಅನ್ನದ ಉಂಡೆಗಳು, ಸೊಳ್ಳೆಬತ್ತಿ. ಸೊಳ್ಳೆಬತ್ತಿಯನ್ನು ಅವನು ತುಂಬ ವಿವೇಕದಿಂದ, ಮುರಿಯಬಾರದೆಂದು, ಐಸ್ ಪೆಟ್ಟಿಗೆಯೊಳಗೆ ಇಟ್ಟಿದ್ದ. ಬೆಟ್ಟ ತಲುಪಿ ಮುಚ್ಚಳ ತೆಗೆದಾಗ ಅದು ಕರಗಿದ ಐಸಿನಲ್ಲಿ ಹಸಿರು ಗಂಜಿಯಾಗಿತ್ತು.

ಬೆಟ್ಟದಲ್ಲಿ ಮಳೆ ಹನಿಯುತ್ತಿತ್ತು. ಹುಲ್ಲುಗಾವಲಿನ ತುಂಬ ಬಣ್ಣ ಬಣ್ಣದ ಡೇರೆಗಳು, ಕಣಿವೆಯ ಆಚೆ ವೇದಿಕೆ, ಅಲ್ಲಿಂದ ಯಾರೋ ಗಿಟಾರಿನ ಶ್ರುತಿ ನೋಡುವ ಸದ್ದು ಮಂಜಿನೊಳಗೆ ತೇಲಿ ಬಂತು. ನನ್ನ ಎದೆ ಒಂದು ಹೆಜ್ಜೆ ಮುಂದೆ ಓಡಿತು. ಕಾಲುಗಳು ಮಾತ್ರ ಹಿಂದೆಯೇ ಉಳಿದವು.

ಸೊಳ್ಳೆಗಳಿಗೂ ಅದು ಹಬ್ಬವೇ. ಶೋಗೊನ ಕುತ್ತಿಗೆಯ ಮೇಲೆ ಅವು ಡೇರೆ ಹಾಕಿದವು. ಅವನು ಚೀಲ ತಡಕಿ ಬಿಳಿ ಕಾಗದದ ಪೆಟ್ಟಿಗೆಯನ್ನು ತೆಗೆದ.

"ಬೇಡ," ಎಂದೆ. "ಅದು ಮಿಜೊಗುಚಿಯವರದ್ದು."

"ಅಜ್ಜನ ಮುಂದೆ ಹಚ್ಚಿ ಅಂದ್ರು ತಾನೇ? ಅಜ್ಜನ ರಕ್ತ ನನ್ನ ಮೈಯಲ್ಲೇ ಹರೀತಿದೆ. ಅದನ್ನೇ ಇವು ಕುಡೀತಿರೋದು."

ವಾದಿಸುವ ಶಕ್ತಿ ನನಗಿರಲಿಲ್ಲ. ಒಂದು ಬಟ್ಟಲಲ್ಲಿ ಮಣ್ಣು ತುಂಬಿ, ಊದುಬತ್ತಿ ನೆಟ್ಟು ಹಚ್ಚಿದ. ಗಂಧದ ಹೊಗೆ ಮಳೆಯೊಳಗೆ ನೆಟ್ಟಗೆ ಏರಿತು. ಪಕ್ಕದ ಡೇರೆಯಿಂದ ಹಸಿರು ಕೂದಲಿನ ಹುಡುಗನೊಬ್ಬ ಇಣುಕಿ, ಯಾರು ಹೋದರು ಎಂದು ವಿಚಾರಿಸಿದ. ನಮ್ಮಜ್ಜ ಎಂದ ಶೋಗೊ, ಸುಳ್ಳೇನಲ್ಲವಲ್ಲ. ಹುಡುಗ ಟೋಪಿ ತೆಗೆದು, ಮೊಣಕಾಲೂರಿ, ಕೈ ಜೋಡಿಸಿದ. ಅವನ ಗೆಳೆಯರು ಸಾಲಾಗಿ ಬಂದರು. ಮೂಗಿನಲ್ಲಿ ಉಂಗುರವಿದ್ದ ಹುಡುಗಿ ಬಟ್ಟಲಿನ ಮುಂದೆ ಒಂದು ಡಬ್ಬಿ ಕಾಫಿ ಇಟ್ಟಳು. ಇನ್ನೊಬ್ಬಳು ಅರ್ಧ ಕಲ್ಲಂಗಡಿ. ಅಜ್ಜನಿಗೆ ಯಾವ ತಂಡ ಇಷ್ಟವಿತ್ತು ಎಂದು ಅವರು ಕೇಳಿದರು. ಶೋಗೊ ನನ್ನ ಮುಖ ನೋಡಿ, 'ಒದ್ದೆ ಕಾಲುಚೀಲ' ಎಂದುಬಿಟ್ಟ. ಒಬ್ಬ ಹುಡುಗ ಅತ್ತೇಬಿಟ್ಟ.

ಹೀಗೆ ನಡೆಯದ ತಿಥಿಯೊಂದು ಎಲ್ಲ ಮರ್ಯಾದೆಯೊಂದಿಗೆ ನಡೆಯಿತು. ನೆಂಟರಿಷ್ಟರು ಬಂದರು, ನೈವೇದ್ಯ ಬಂತು. ನನ್ನ ಕಣ್ಣು ಭಾರವಾಗುತ್ತಿತ್ತು.

ಸಂಜೆ ವೇದಿಕೆಯ ಹತ್ತಿರ ಒಳ್ಳೆಯ ಜಾಗ ಸಿಕ್ಕಿತು. ಹಿಂದಿನ ತಂಡ ಇಳಿದು, ವೇದಿಕೆಯ ಮೇಲೆ ಯಾರೋ ಒಂದು ಹಳೆಯ ಫ್ಯಾನನ್ನು ತಂದಿಟ್ಟರು. ಜನ ಹೋ ಎಂದರು. ಅದೇ ಫ್ಯಾನು. ಹತ್ತು ವರ್ಷದ ಬೇಸಿಗೆಗಳೆಲ್ಲ ಆ ಮೂರು ರೆಕ್ಕೆಗಳ ಹಿಂದೆ ಕಾದು ನಿಂತಂತೆ ಅನಿಸಿತು. ಅವರು ತಂತಿಗಳನ್ನು ಜೋಡಿಸುವವರೆಗೆ ಎಂದು ಕುರ್ಚಿ ಬಿಡಿಸಿ ಕೂತೆ.

"ಒಂದು ನಿಮಿಷ ಕಣ್ಣು ಮುಚ್ಚಿರ್ತೀನಿ," ಎಂದೆ. "ಶುರುವಾದಾಗ ಎಬ್ಬಿಸು."

"ಇಷ್ಟು ಗಲಾಟೆಯಲ್ಲಿ ನಿದ್ದೆ ಬರುತ್ತಾ?"

ಬರುವುದಿಲ್ಲ ಎಂದು ಹೇಳಲು ಬಾಯಿ ತೆರೆದದ್ದು ನೆನಪಿದೆ.

ಕಣ್ಣು ಬಿಟ್ಟಾಗ ವೇದಿಕೆ ಖಾಲಿಯಿತ್ತು. ಫ್ಯಾನನ್ನು ಇಬ್ಬರು ಹೊತ್ತುಕೊಂಡು ಹೋಗುತ್ತಿದ್ದರು. ಸುತ್ತ ಜನ ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದರು. ನನ್ನ ಪಕ್ಕದಲ್ಲಿ ಶೋಗೊ ನಿಂತಿದ್ದ. ತಂಡದ ಹೆಸರಿರುವ ಹೊಸ ಟೀ ಶರ್ಟನ್ನು ಅಂಗಿಯ ಮೇಲೇ ಹಾಕಿಕೊಂಡಿದ್ದ. ಕಣ್ಣು ಕೆಂಪಾಗಿತ್ತು.

"ಯಾಕೆ ಎಬ್ಬಿಸಲಿಲ್ಲ?"

"ಎಬ್ಬಿಸಿದೆ. ನೀನು 'ಇನ್ನೂರು ಬಾಕಿ ಇದೆ' ಅಂದು ಮತ್ತೆ ಮಲಗಿದೆ."

"ಜೋರಾಗಿ ಅಲ್ಲಾಡಿಸಬೇಕಿತ್ತು."

"ಸಾವಿರಾರು ಜನ ನಿನ್ನ ಕಿವಿ ಪಕ್ಕದಲ್ಲೇ ಕಿರುಚ್ತಿದ್ರು, ಚಿಗುಸಾ. ಅದಕ್ಕಿಂತ ಜೋರಾಗಿ ನಾನೊಬ್ಬ ಏನು ಮಾಡ್ಲಿ?" ಅವನು ಮೂಗು ಒರೆಸಿಕೊಂಡ. ಆಮೇಲೆ ಮೆತ್ತಗೆ, "ಎಷ್ಟೋ ತಿಂಗಳಿಂದ ನೀನು ಹಾಗೆ ಮಲಗಿದ್ದು ನೋಡಿರಲಿಲ್ಲ. ಇನ್ನೊಂದು ಸಲ ಎಬ್ಬಿಸೋಕೆ ಮನಸ್ಸಾಗಲಿಲ್ಲ," ಎಂದ.

ಫ್ಯಾನಿನ ಹಾಡು ಹಾಡಿದರೇ ಎಂದು ಕೇಳಿದೆ. ಕಡೆಯಲ್ಲಿ ಹಾಡಿದರಂತೆ. ಎಲ್ಲರೂ ಅತ್ತರಂತೆ. ಮೀನು ಅರೆಯುವ ಯಂತ್ರದ ತಜ್ಞನೂ ಅತ್ತನಂತೆ.

ವಾಪಸು ಬರುವ ದಾರಿಯುದ್ದಕ್ಕೂ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಅವನು ಆ ಹಾಡನ್ನು ಗುನುಗುತ್ತಲೇ ಇದ್ದ, ಅದೂ ತಪ್ಪು ರಾಗದಲ್ಲಿ. ನನ್ನ ಹತ್ತು ವರ್ಷದ ಹಾಡು ಈಗ ಅವನದ್ದು. ನನಗೆ ಉಳಿದದ್ದು ಕುತ್ತಿಗೆ ನೋವು. ಹೆದ್ದಾರಿಯ ತಂಗುದಾಣದಲ್ಲಿ ಕಾಫಿಗೆಂದು ಇಳಿದೆ. ಕಾಲುಗಳು ತಾವಾಗಿಯೇ ಅಂಗಡಿಯೊಳಗೆ ನಡೆದವು, ಕೈಗಳು ತಾವಾಗಿಯೇ ಕಚೇರಿಯ ತಲೆಗಳನ್ನು ಎಣಿಸಿದವು, ಬಿದಿರೆಲೆಯಲ್ಲಿ ಕಟ್ಟಿದ ಸಿಹಿ ಅಕ್ಕಿಯುಂಡೆಯ ದೊಡ್ಡ ಪೆಟ್ಟಿಗೆಯೊಂದು ಕಂಕುಳಿಗೆ ಬಂತು. ಊರು ಬಿಟ್ಟು ಹೋದವಳು ಕಚೇರಿಗೆ ತಿಂಡಿಪೆಟ್ಟಿಗೆ ತರದೆ ಹಿಂತಿರುಗುವುದುಂಟೆ? ಭೂಕಂಪವಾದರೂ ನಮ್ಮವರು ಮೊದಲು ಆ ಪೆಟ್ಟಿಗೆಯನ್ನು ಮೇಜಿನ ಕೆಳಗೆ ತಳ್ಳಿ ಆಮೇಲೆ ತಾವು ನುಸುಳುತ್ತಾರೆ.

ಸೋಮವಾರ ಎಲ್ಲರ ಮೇಜಿಗೂ ಒಂದೊಂದು ಉಂಡೆ ಇಡುತ್ತ ಹೋದೆ. ನಿಶಿಓ ಮೇಡಂ ಪೆಟ್ಟಿಗೆಯ ಹೊದಿಕೆಯನ್ನು ಅಂಗೈಯಿಂದ ನಿಧಾನವಾಗಿ ಸವರಿ ನೇರ ಮಾಡಿದರು. ಅದರ ತುಂಬ ದೊಡ್ಡ ಅಕ್ಷರಗಳಲ್ಲಿ ನಿಗಾತ ನಿಗಾತ ಎಂದು ಬರೆದಿತ್ತು. ಹಿದಾ ನಮ್ಮೂರಿಗೆ ದಕ್ಷಿಣಕ್ಕೆ, ನಿಗಾತ ಪೂರ್ವಕ್ಕೆ.

"ಹಿದಾದಲ್ಲೂ ಇದು ಸಿಗುತ್ತೆ ಅಂತ ಗೊತ್ತಿರಲಿಲ್ಲ," ಎಂದರು.

"ದಾರಿಯಲ್ಲಿ..." ಎಂದೆ.

"ಹೌದಾ. ದಾರಿ ಉದ್ದ ಪಾಪ." ಉಂಡೆಯ ಎಲೆ ಬಿಡಿಸಿದರು. "ದಣಿದಿರಿ."

ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಯಾರೂ ಏನೂ ಕೇಳಲಿಲ್ಲ. ಮಿಜೊಗುಚಿಯವರು ಉಂಡೆ ತಿಂದು, ಚಹಾ ಕುಡಿದು, ಸ್ವಲ್ಪವಾದರೂ ವಿಶ್ರಾಂತಿ ಸಿಕ್ಕಿತೇ ಎಂದು ವಿಚಾರಿಸಿದರು. ಎಲ್ಲಿಯ ವಿಶ್ರಾಂತಿ ಸಾರ್ ಎಂದೆ. ಅವರು ಕೆಮ್ಮಿದರು. ಗೆದ್ದೆ ಎಂದುಕೊಂಡು ಕೂತೆ.

ಬುಧವಾರ ಸಂಜೆ ಬಾಗಿಲಲ್ಲಿ ಒಂದು ಚಪ್ಪಲಿ ಬಿಚ್ಚಿ ಕೂತಿದ್ದಾಗ ಅತ್ತೆ ಬಂದರು. ಹಿಂದೆ ಮಾವ. ಇಬ್ಬರ ಮುಖವೂ ಕಪ್ಪಿಟ್ಟಿತ್ತು. ಮೀನಿನಂಗಡಿಯಲ್ಲಿ ನಿಶಿಓ ಮೇಡಂ ಸಿಕ್ಕಿ, ಅಜ್ಜನ ಹದಿನೇಳನೆಯ ತಿಥಿ ಹೇಗಾಯಿತು ಎಂದು ಕೇಳಿದರಂತೆ. ಕ್ಷಮೆ ಕೇಳಲು ನೆಲಕ್ಕೆ ಬಾಗಿದೆ. ಅಷ್ಟರಲ್ಲಿ ಅತ್ತೆ ನನಗಿಂತ ಕೆಳಗೆ ಬಾಗಿದ್ದರು.

"ನನ್ನನ್ನ ಕ್ಷಮಿಸಮ್ಮ," ಎಂದರು. "ಮನೆಗೆ ಹೋಗಿ ಲೆಕ್ಕ ಹಾಕಿದ್ವಿ. ಈ ವರ್ಷವೇ ಹದಿನೇಳು. ಸೊಸೆಯಾಗಿ ಬಂದು ಇಷ್ಟು ವರ್ಷ ಆದ ನಾನು ಮರೆತೆ. ಹೆತ್ತ ಮಗ ಇವರು, ಇವರೂ ಮರೆತರು. ಅವರ ಮುಖವನ್ನೇ ನೋಡದ ನೀನು ನೆನಪಿಟ್ಟುಕೊಂಡು, ಯಾರಿಗೂ ಹೇಳದೆ, ಗಂಡನ್ನ ಕರಕೊಂಡು ಹೋಗಿ ಊದುಬತ್ತಿ ಹಚ್ಚಿ ಬಂದೆಯಲ್ಲ."

ಒಳಗಿನಿಂದ ಶೋಗೊ, "ಹೌದಮ್ಮ, ಹಚ್ಚಿದ್ವಿ. ಜನಾನೂ ತುಂಬಾ ಬಂದಿದ್ರು," ಎಂದ. ಸುಳ್ಳನ್ನು ನಿಜದಿಂದಲೇ ಕಟ್ಟುವುದರಲ್ಲಿ ಅವನು ಈಗ ನನ್ನನ್ನು ಮೀರಿಸಿದ್ದಾನೆ.

ಅತ್ತೆ ಕಣ್ಣೊರೆಸಿಕೊಂಡು, ಮಂದಿರದ ಗುರುಗಳಿಗೆ ಆಗಲೇ ಫೋನ್ ಮಾಡಿದ್ದಾಗಿ ಹೇಳಿದರು. ಪಿತೃಗಳ ಹಬ್ಬದ ಕಾಲವಾದ್ದರಿಂದ ಶನಿವಾರ ಭಾನುವಾರ ಅವರಿಗೆ ಬಿಡುವಿಲ್ಲ. ಬರುವ ವಾರ, ಶುಕ್ರವಾರ. ಮುಂದೆ ನಿಂತು ನಡೆಸಬೇಕಾದವಳು ನಾನು. ನೆನಪಿಟ್ಟುಕೊಂಡವಳು ನಾನೇ ತಾನೇ.

ಮರುದಿನ ಮಿಜೊಗುಚಿಯವರ ಮುಂದೆ ಹೋಗಿ ನಿಂತೆ. ಈ ಸಲ ಬೆನ್ನು ನೆಟ್ಟಗಿತ್ತು. ಹೇಳಲಿರುವುದು ಅಪ್ಪಟ ಸತ್ಯ.

"ಬರುವ ವಾರ ಶುಕ್ರವಾರ ರಜೆ ಬೇಕಿತ್ತು ಸಾರ್. ಗಂಡನ ಅಜ್ಜನ ತಿಥಿ. ಹದಿನೇಳನೆಯದು."

ಕಚೇರಿಯಲ್ಲಿ ಕರಪತ್ರಗಳ ಸದ್ದು ನಿಂತಿತು. ಮಿಜೊಗುಚಿಯವರು ಪೆನ್ನು ಕೆಳಗಿಟ್ಟರು. ಮೇಜಿನ ಕೆಳಗಿನ ಖಾನೆ ಎಳೆದು, ಒಂದು ತಗಡಿನ ಡಬ್ಬಿ ತೆಗೆದು, ಎರಡೂ ಕೈಯಿಂದ ನನ್ನ ಮುಂದಿಟ್ಟರು. ಹೊಚ್ಚ ಹೊಸ ಸೊಳ್ಳೆಬತ್ತಿ.

"ಹೋದ ಶುಕ್ರವಾರ ಸಂಜೆ," ಎಂದರು ಅದೇ ಮೃದು ದನಿಯಲ್ಲಿ, "ನಾವೆಲ್ಲ ಇಲ್ಲೇ ಕೂತು ಆ ಇನ್ನೂರು ಮಡಿಸ್ತಿದ್ವಿ. ಟಿವಿ ಹಾಕಿತ್ತು. ಯಾವುದೋ ಬೆಟ್ಟದ ಉತ್ಸವ ತೋರಿಸ್ತಿದ್ರು. ಸಾವಿರಾರು ಜನ ಮಳೆಯಲ್ಲಿ ಕುಣೀತಿದ್ರು. ನಡುವೆ ಒಬ್ಬರು ನೀಲಿ ರೇನ್‌ಕೋಟಲ್ಲಿ, ಮುಖಕ್ಕೆ ಸೊಳ್ಳೆ ಮುತ್ತಿದ್ರೂ ಬಾಯಿ ತೆರೆದು ನಿದ್ದೆ ಮಾಡ್ತಿದ್ರು. ಕ್ಯಾಮೆರಾದವರಿಗೆ ಅದು ಬಹಳ ಹಿಡಿಸಿತು ಅಂತ ಕಾಣುತ್ತೆ."

ನನ್ನ ಬಾಯಿ ಮತ್ತೆ ಹಾಗೆಯೇ ತೆರೆದಿತ್ತು.

"ಎಲ್ಲರೂ... ನೋಡಿದಿರಾ?"

"ನಿಶಿಓ ಅವರು ಎದ್ದು ಹೋಗಿ ಶಬ್ದ ಕಡಿಮೆ ಮಾಡಿದರು," ಎಂದರು. "ನಿಮಗೆ ಎಚ್ಚರ ಆಗದಿರಲಿ ಅಂತ."

ನಿಶಿಓ ಮೇಡಂ ಕರಪತ್ರವೊಂದರ ಅಂಚನ್ನು ಉಗುರಿನಿಂದ ತೀಡುತ್ತಿದ್ದರು. ನಾನು ಉಸಿರು ಎಳೆದುಕೊಂಡೆ. ಈ ಸಲ ನಿಜವಾಗಿಯೂ ಅಜ್ಜನ ತಿಥಿಯೇ ಎಂದೆ. ಗುರುಗಳು ಬರುತ್ತಾರೆ ಎಂದೆ. ಬೇಕಾದರೆ ಅತ್ತೆಯನ್ನೇ ಕೇಳಿ ಎಂದೆ.

"ಗೊತ್ತು, ಗೊತ್ತು," ಎಂದು ಮಿಜೊಗುಚಿಯವರು ತಲೆಯಾಡಿಸಿ, ರಜೆಯ ಹಾಳೆಗೆ ಮುದ್ರೆ ಒತ್ತಿದರು. ಆಮೇಲೆ ಸ್ವಲ್ಪ ಮುಂದಕ್ಕೆ ಬಾಗಿ, ಬೇರೆಯವರಿಗೆ ಕೇಳಿಸದಷ್ಟು ಮೆತ್ತಗೆ, "ಈ ಸಲವಾದರೂ ಕಡೆಯ ಹಾಡಿನವರೆಗೆ ಎಚ್ಚರವಾಗಿರಿ," ಎಂದರು.